ಬಿಳಿಗುಡ್ಡ ರೋಡಿನ ಒಂದು ಸರಪಳಿ ಜಾಗ

ನನಗೆ ಓಬಯ್ಯನ ಪರಿಚಯವಾದದ್ದು ಬಿಳಿಗುಡ್ಡ ರೋಡ್ ಸ್ಟೇಷನ್ನಿನ ಅಂಗಳದಲ್ಲಿ, ನನ್ನ ಕಾರು ಏಳು ಕಾರುಗಳ ನಡುವೆ ಸಿಕ್ಕಿಹಾಕಿಕೊಂಡ ಸಂಜೆ.

ನಾನು ಹೊಸದುರ್ಗದವನು. ದಾವಣಗೆರೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಬೆಳಿಗ್ಗೆ ಸ್ಟೇಷನ್ನಿನವರೆಗೆ ಕಾರು, ಅಲ್ಲಿಂದ ರೈಲು. ಸಂಜೆ ಅದೇ ದಾರಿಯಲ್ಲಿ ವಾಪಸು. ಬಿಳಿಗುಡ್ಡ ರೋಡ್ ದೊಡ್ಡ ಸ್ಟೇಷನ್ನೇನಲ್ಲ. ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವಿನ ಬಯಲಲ್ಲಿ ಎರಡು ಪ್ಲಾಟ್‌ಫಾರ್ಮು, ಒಂದು ಮೇಲ್ಸೇತುವೆ, ಒಂದು ಚಹಾದಂಗಡಿ. ಆದರೆ ಎರಡು ವರ್ಷದ ಹಿಂದೆ ಒಂದು ಎಕ್ಸ್‌ಪ್ರೆಸ್ ರೈಲಿಗೆ ಇಲ್ಲಿ ನಿಲುಗಡೆ ಕೊಟ್ಟರು ನೋಡಿ, ಅಲ್ಲಿಂದ ಶುರುವಾಯಿತು. ಹೊಳಲ್ಕೆರೆಯವರು, ಹೊಸದುರ್ಗದವರು, ಅಷ್ಟು ದೂರದ ಹಿರಿಯೂರಿನಿಂದಲೂ ಕೆಲವರು ಕಾರು ತಂದು ನಿಲ್ಲಿಸಿ ರೈಲು ಹತ್ತತೊಡಗಿದರು. ಹದಿನೈದು ಕಾರು ಹಿಡಿಯುವ ಅಂಗಳಕ್ಕೆ ನಲವತ್ತು ಕಾರು ಬರುತ್ತಿದ್ದವು. ಬೆಳಿಗ್ಗೆ ಮೊದಲು ಬಂದವನು ಸಂಜೆ ಕೊನೆಗೆ ಹೋಗಬೇಕು.

ಆ ಸಂಜೆ ನಾನು ರೈಲಿಳಿದು ನೋಡಿದರೆ ಕಾರಿನ ಹಿಂದೆ ಕಾರು, ಪಕ್ಕದಲ್ಲಿ ಕಾರು. ಆಗಲೇ ಐದಾರು ಜನ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಎಲ್ಲರಿಗಿಂತ ದೊಡ್ಡ ದನಿ ಟ್ಯಾಕ್ಸಿ ಓಡಿಸುವ ಚಂದ್ರುವಿನದು. ಅಷ್ಟರಲ್ಲಿ ಅರವತ್ತು ದಾಟಿದ, ಬಿಳಿ ಪಂಚೆಯ, ಸಣಕಲು ಮನುಷ್ಯನೊಬ್ಬ ಅಂಗಳದ ನಡುವೆ ಬಂದು ನಿಂತ. ಮಗಳನ್ನು ರೈಲಿನಿಂದ ಕರೆದುಕೊಂಡು ಹೋಗಲು ಬಂದವನು. ಒಂದು ನಿಮಿಷ ಸುಮ್ಮನೆ ಸುತ್ತ ನೋಡಿದ. ಆಮೇಲೆ ಕೈ ಎತ್ತಿದ.

"ಆ ಕೆಂಪು ಕಾರಿನೋರು ಮುಂದಕ್ಕೆ ಹೋಗ್ರಿ. ಸಾಕು. ಚಂದ್ರು, ನೀನು ಎಡಕ್ಕೆ ಮುರಿ. ಮೇಷ್ಟ್ರೇ, ನೀವು ಹಿಂದಕ್ಕೆ ಬರ್ರಿ. ಬರ್ರಿ, ಬರ್ರಿ. ಇನ್ನೂ ಎರಡು ಆಣೆ ಐತೆ, ಬರ್ರಿ."

ನಾನು ಮೇಷ್ಟ್ರು ಎಂದು ಮಗಳು ಹೇಳಿರಬೇಕು. ಹತ್ತು ನಿಮಿಷದಲ್ಲಿ ಎಂಟೂ ಕಾರು ಹೊರಗಿದ್ದವು. ನಾನು ಗಾಜು ಇಳಿಸಿ ಥ್ಯಾಂಕ್ಸ್ ಹೇಳಿ, ಎರಡು ಆಣೆ ಅಂದರೇನು ಎಂದು ಕೇಳಿದೆ.

"ಅದು ನಮ್ಮ ಅಳತೆ ಮೇಷ್ಟ್ರೇ. ಮೂವತ್ತಮೂರು ಅಡಿ ಅಂದ್ರೆ ಒಂದು ಸರಪಳಿ. ಸರಪಳಿಗೆ ಹದಿನಾರಾಣೆ. ನಿಮ್ಮ ಕಾರು ಬಾಗ್ಲು ತೆಗೆದು ಇಳಿಯೋಕೆ ಅಗಲ ನಾಲ್ಕಾಣೆ ಬೇಕು, ಉದ್ದ ಎಂಟಾಣೆ. ಅಷ್ಟು ಬಿಟ್ಟು ನಿಲ್ಸಿದ್ರೆ ಯಾರಿಗೂ ಜಗಳ ಇಲ್ಲ."

ಮನೆಗೆ ಹೋಗಿ ಲೆಕ್ಕ ಹಾಕಿ ನೋಡಿದೆ. ಕಾರು ನಿಲ್ಲಿಸಲು ಎಂಜಿನಿಯರುಗಳು ಬಿಡುವ ಜಾಗಕ್ಕೂ ಅವನು ಹೇಳಿದ್ದಕ್ಕೂ ಒಂದೆರಡು ಇಂಚಿನ ವ್ಯತ್ಯಾಸವಿತ್ತು, ಅಷ್ಟೇ.

ಓಬಯ್ಯ ಸರ್ವೆ ಇಲಾಖೆಯಲ್ಲಿ ಚೈನ್‌ಮನ್ ಆಗಿದ್ದವನು. ಅಂದರೆ ಸರ್ವೇಯರು ಜಮೀನು ಅಳೆಯುವಾಗ ಸರಪಳಿಯ ತುದಿ ಹಿಡಿದು ಮುಳ್ಳು ಕಲ್ಲಿನಲ್ಲಿ ನಡೆಯುವವನು. ದಿನಗೂಲಿಯಿಂದ ಸೇರಿ, ಕಾಯಂ ಆಗಿ, ಮೂವತ್ತೈದು ವರ್ಷ ನಡೆದು, ಎರಡು ವರ್ಷದ ಹಿಂದೆ ನಿವೃತ್ತನಾಗಿದ್ದ. ನಾಲ್ಕು ತಾಲ್ಲೂಕಿನ ಹೊಲ, ಕೆರೆ, ಗೋಮಾಳ, ದಾರಿ ಎಲ್ಲವೂ ಅವನ ಕಾಲಿಗೆ ಗೊತ್ತು. ನಕ್ಷೆಗಳಲ್ಲಿ ಮಾತ್ರ ಅವನ ಹೆಸರು ಎಲ್ಲೂ ಇಲ್ಲ. ಗೆರೆ ಎಳೆಯುವವರು, ಸಹಿ ಹಾಕುವವರು ಬೇರೆ. ಅದರ ಬಗ್ಗೆ ಅವನಿಗೆ ಬೇಜಾರೇನೂ ಇದ್ದಂತೆ ಕಾಣಲಿಲ್ಲ. ಸ್ಟೇಷನ್ನಿನ ಹತ್ತಿರವೇ ಇರುವ ಬಿಳಿಗುಡ್ಡದಲ್ಲಿ ಹೆಂಡತಿ ಏಕಾಂತಮ್ಮ, ಮಗಳು ಯಮುನಾ ಮತ್ತು ಅವನು, ಮೂವರ ಸಂಸಾರ. ಯಮುನಾ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸು.

ಆ ಸಂಜೆಯಿಂದ ಅವನು ದಿನಾ ಮಗಳಿಗಾಗಿ ಅರ್ಧ ಗಂಟೆ ಮುಂಚೆ ಬಂದು ಕಾರುಗಳನ್ನು ಬಿಡಿಸತೊಡಗಿದ. ಯಾರೂ ಅವನನ್ನು ನೇಮಿಸಿರಲಿಲ್ಲ. ಆದರೂ ರೈಲಿಳಿದವರೆಲ್ಲ ಮೊದಲು ಕಣ್ಣು ಹಾಯಿಸುತ್ತಿದ್ದದ್ದು ಬಿಳಿ ಪಂಚೆ ಎಲ್ಲಿದೆ ಎಂದು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಸ್ಟೇಷನ್ನಿನ ಗೋಡೆಗೆ ಒಂದು ದೊಡ್ಡ ನಕ್ಷೆ ಅಂಟಿಸಿದರು. ಪಾರ್ಕಿಂಗ್ ವಿಸ್ತರಣೆ. ಈಗಿನ ಅಂಗಳದಿಂದ ಪಡುವಣಕ್ಕೆ, ರೈಲ್ವೆಯ ಗಡಿಯವರೆಗೂ ನೆಲ ಸಮ ಮಾಡಿ, ಎರಡು ಸಾಲಿನಲ್ಲಿ ಅರವತ್ತನಾಲ್ಕು ಕಾರು; ತುದಿಯಲ್ಲಿ ತಿರುಗಿಸಿಕೊಳ್ಳಲು ಜಾಗ. ಆಕ್ಷೇಪಣೆ, ಸಲಹೆ ಇದ್ದವರು ಮುಂದಿನ ಶನಿವಾರದ ಸಭೆಗೆ ಬರಬಹುದು ಎಂದು ಕೆಳಗೆ ಬರೆದಿತ್ತು. ಚಂದ್ರು ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಎಲ್ಲರಿಗೂ ಕಳಿಸಿದ. ಚಹಾದಂಗಡಿಯಲ್ಲಿ ಆವತ್ತು ಕುಡಿದವರಿಗೆಲ್ಲ ಚಹಾ ಅವನ ಲೆಕ್ಕದಲ್ಲಿ.

ಓಬಯ್ಯ ನಕ್ಷೆಯ ಮುಂದೆ ತುಂಬಾ ಹೊತ್ತು ನಿಂತಿದ್ದ. ಬೆರಳಿನಿಂದ ಗೆರೆಯ ಮೇಲೆ ನಡೆದ. ಪಡುವಣ ತುದಿಗೆ ಬಂದಾಗ ಬೆರಳು ನಿಂತಿತು. ನಾನು ಪಕ್ಕದಲ್ಲೇ ಇದ್ದೆ.

"ಏನು ಓಬಯ್ಯ, ಸರಿಯಿಲ್ಲವೇ?"

"ಸರಿ ಐತೆ ಬಿಡ್ರಿ," ಎಂದ. ಮುಖ ನೋಡಿದರೆ ಸರಿ ಇದ್ದಂತೆ ಅನ್ನಿಸಲಿಲ್ಲ. "ಮೇಷ್ಟ್ರೇ, ಇದರದ್ದೊಂದು ಪ್ರಿಂಟು ತಗ್ಸಿ ಕೊಡ್ತೀರಾ? ದೊಡ್ಡದಾಗಿ."

ಭಾನುವಾರ ಬೆಳಿಗ್ಗೆ ಪ್ರಿಂಟು ಹಿಡಿದು ಬಿಳಿಗುಡ್ಡಕ್ಕೆ ಹೋದೆ. ಏಕಾಂತಮ್ಮ ರಾಗಿ ರೊಟ್ಟಿ ತಟ್ಟುತ್ತಿದ್ದರು. ಕುಂತ್ಕಳ್ರಿ ಅಂದವರೇ ಒಂದು ರೊಟ್ಟಿ, ಕೆಂಪು ಚಟ್ನಿ ಮುಂದಿಟ್ಟರು. ಯಮುನಾಳಿಗೆ ಅಂದು ರಜೆ. ಓಬಯ್ಯ ನಕ್ಷೆಯನ್ನು ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟ. ಅಷ್ಟರಲ್ಲಿ ಬಾಗಿಲಲ್ಲಿ ಯಲ್ಲಕ್ಕ ಬಂದು ನಿಂತಳು.

ಯಲ್ಲಕ್ಕ ಗೊಲ್ಲರಹಟ್ಟಿಯವಳು. ಸ್ಟೇಷನ್ನಿನ ಪಡುವಣ ಬದಿಗೆ ಅವಳ ಸ್ವಂತದ ಒಂದಿಷ್ಟು ಜಮೀನು, ಅದರಲ್ಲಿ ಅರವತ್ತು ಎಪ್ಪತ್ತು ಕುರಿ ಕೂಡುವ ರೊಪ್ಪ. ಕೈಯಲ್ಲೊಂದು ಕಾಗದ.

"ಓಬಣ್ಣ, ಇದನ್ನೊಂಚೂರು ಓದಿ ಹೇಳು. ಸ್ಟೇಷನ್ನಿನೋರು ಕೊಟ್ಟು ಹೋದ್ರು."

ಯಮುನಾ ಇಸಿದುಕೊಂಡು ಓದಿದಳು. ಯಲ್ಲಕ್ಕನ ಕುರಿರೊಪ್ಪ ರೈಲ್ವೆಯ ಜಾಗದೊಳಗೆ ಬಂದಿದೆ, ತೆರವು ಮಾಡಬೇಕು ಎಂದು ಅದರಲ್ಲಿತ್ತು.

"ಏನು? ನಮ್ಮ ಮಾವನ ಕಾಲದ ರೊಪ್ಪ ಅದು! ನನ್ನ ಕುರಿ ಹೋಗಿ ರೈಲಿನೋರ ಜಾಗ ನುಂಗ್ತವಾ? ಹುಲ್ಲೇ ಸಿಗಲ್ಲ ಅವಕ್ಕೆ, ಇನ್ನು ಜಾಗ ನುಂಗ್ತವೆ!" ಯಲ್ಲಕ್ಕ ಹೊಸ್ತಿಲ ಮೇಲೆ ಕೂತೇಬಿಟ್ಟಳು. "ಓಬಣ್ಣ, ನೀನೇ ಅಳತೆ ಕಂಡೋನು. ಹೇಳು, ನಾನು ಒಳಗೆ ಬಂದೀನಾ?"

ಓಬಯ್ಯ ನಕ್ಷೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ಮಗಳನ್ನು ನೋಡಿದ.

"ನೀನು ಬಂದಿಲ್ಲ ತಂಗೀ. ನಕ್ಷೆ ಬಂದೈತೆ. ತಪ್ಪು ನಂದು."

ಯಾರಿಗೂ ಅರ್ಥವಾಗಲಿಲ್ಲ. ಆಗ ಅವನು ಹೇಳಿದ ಕಥೆ ಇದು.

ಮೂವತ್ತಮೂರು ವರ್ಷದ ಹಿಂದೆ ಲೈನನ್ನು ಅಗಲ ಮಾಡುವಾಗ ಈ ಜಾಗವನ್ನು ರೈಲ್ವೆಯವರೂ ಸರ್ವೆಯವರೂ ಸೇರಿ ಅಳೆದರು. ಅಳೆಯುವಾಗ ಮುಂದಿನವನು ಸರಪಳಿ ಮುಗಿದಲ್ಲೆಲ್ಲ ಒಂದು ಕಬ್ಬಿಣದ ಕಡ್ಡಿ ಚುಚ್ಚುತ್ತ ಹೋಗುತ್ತಾನೆ. ಹಿಂದಿನವನು ಅದನ್ನು ಕಿತ್ತುಕೊಳ್ಳುತ್ತ ಬರುತ್ತಾನೆ. ಕೊನೆಗೆ ಅವನ ಕೈಯಲ್ಲಿ ಎಷ್ಟು ಕಡ್ಡಿಯೋ ಅಷ್ಟು ಸರಪಳಿ. ಹಿಂದಿನವನು ಓಬಯ್ಯ. ಸ್ಟೇಷನ್ ಕಟ್ಟಡದ ಮೂಲೆಯಿಂದ ಹೊರಟು ಪಡುವಣದ ಗಡಿಗಲ್ಲಿನ ಹತ್ತಿರ ಬಂದು ಕೊನೆಯ ಕಡ್ಡಿ ಕಿತ್ತಿದ್ದಾನೆ, ಅಷ್ಟರಲ್ಲಿ ಏಕಾಂತಮ್ಮನ ತಂಗಿ ಚಂದ್ರಕ್ಕ ಹೊಲದ ಬದುವಿನ ಮೇಲೆ ಓಡುತ್ತ ಬಂದಳು. ದೂರದಿಂದಲೇ ಕೂಗಿದಳು: "ಭಾವಾ, ಹೆಣ್ಣು ಮಗು! ಅಕ್ಕ ಚೆನ್ನಾಗವಳೆ!"

"ಎರಡು ಕೂಸು ಹೋಗಿತ್ತು ಮೇಷ್ಟ್ರೇ ಅದಕ್ಕೂ ಮುಂಚೆ. ಇದು ಉಳೀತು ಅಂತ ಕೇಳಿ ನನಗೆ ಏನಾಯ್ತೋ, ಕೈಲಿದ್ದ ಕಡ್ಡಿ ಎಲ್ಲಾ ಮೇಲಕ್ಕೆ ಎಸೆದು ಕುಣಿದುಬಿಟ್ಟೆ. ಸರ್ವೇಯರು ಬೈದ್ರು. ಆಯ್ಕೊಂಡು ಎಣಿಸ್ದೆ. ಹನ್ನೆರಡು ಅಂದೆ. ಅವರು ಹನ್ನೆರಡು ಅಂತ ಬರಕೊಂಡ್ರು. ನಾನು ಮಗು ನೋಡೋಕೆ ಓಡಿದೆ."

ಮಾರನೆಯ ದಿನ ಬೆಳಿಗ್ಗೆ ಸೊಂಟಕ್ಕೆ ಕೈ ಹಾಕಿದಾಗ ಗೊತ್ತಾಯಿತು. ಅವನು ಯಾವಾಗಲೂ ಸೊಂಟದಲ್ಲಿ ಒಂದು ಕಡ್ಡಿ ಹೆಚ್ಚುವರಿಯಾಗಿ ಸಿಕ್ಕಿಸಿಕೊಂಡಿರುತ್ತಿದ್ದ. ಕುಣಿಯುವಾಗ ಅದೂ ಬಿದ್ದು ಉಳಿದವುಗಳ ಜೊತೆ ಸೇರಿತ್ತು. ಇದ್ದದ್ದು ಹನ್ನೊಂದೇ ಸರಪಳಿ. ಹೇಳೋಣ ಅಂದರೆ ಆಗಿನ್ನೂ ದಿನಗೂಲಿ, ಸರ್ವೇಯರು ಕೋಪಿಷ್ಠ, ನಾಳೆಯಿಂದ ಬರಬೇಡ ಅಂದುಬಿಟ್ಟರೆ ಕೂಸು, ಬಾಣಂತಿಯ ಗತಿಯೇನು. ಬಯಲು ತಾನೆ, ಯಾರು ಕೇಳುತ್ತಾರೆ ಅಂದುಕೊಂಡ. ನಕ್ಷೆ ಮೇಲಕ್ಕೆ ಹೋಯಿತು. ಯಾರೂ ಕೇಳಲಿಲ್ಲ. ಈಗ ಪಾರ್ಕಿಂಗಿನವರು ಅದೇ ಅಳತೆ ಇಟ್ಟುಕೊಂಡು ಗೆರೆ ಎಳೆದಿದ್ದರು. ಆ ಹೆಚ್ಚಿನ ಒಂದು ಸರಪಳಿ ನೇರವಾಗಿ ಯಲ್ಲಕ್ಕನ ರೊಪ್ಪದ ಮೇಲೆ ಬಂದು ಕೂತಿತ್ತು.

ಮೊದಲು ನಕ್ಕದ್ದು ಏಕಾಂತಮ್ಮ. ರೊಟ್ಟಿ ತಟ್ಟುತ್ತಿದ್ದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು, ಮೂಗಿಗೆಲ್ಲ ಹಿಟ್ಟು ಮೆತ್ತಿಕೊಂಡು ನಕ್ಕರು. "ನೋಡ್ರಿ ಇವರನ್ನ! ಮಗಳು ಹುಟ್ಟಿದ ಖುಷಿಗೆ ಊರಿಗೆಲ್ಲ ಬೆಲ್ಲ ಹಂಚೋರನ್ನ ಕಂಡೀನಿ. ಇವರು ರೈಲಿನೋರಿಗೆ ಜಾಗ ಹಂಚಿ ಬಂದವ್ರೆ!"

"ಅದೂ ನನ್ನ ಜಾಗ!" ಎಂದಳು ಯಲ್ಲಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ.

ಯಮುನಾ ಮಾತ್ರ ನಗಲಿಲ್ಲ. ಅಪ್ಪನ ಪಕ್ಕ ಬಂದು ಕೂತಳು. "ಅಪ್ಪಾಜಿ, ಇಷ್ಟು ವರ್ಷ ಇದನ್ನ ಹೊತ್ಕಂಡು ಓಡಾಡ್ತಿದ್ಯಾ?"

"ದಿನಾ ಏನಿಲ್ಲ ಕಣಮ್ಮ. ಸ್ಟೇಷನ್ನಿಗೆ ಬಂದಾಗ ಮಾತ್ರ."

"ದಿನಾ ಸ್ಟೇಷನ್ನಿಗೆ ಬರ್ತೀಯಲ್ಲ!"

ಶನಿವಾರದ ಸಭೆಯಲ್ಲಿ ಹೇಳಿಬಿಡುವುದು ಅಂತ ತೀರ್ಮಾನವಾಯಿತು. ಓಬಯ್ಯನಿಗೆ ಅಂಜಿಕೆ ಇತ್ತು. ಪಿಂಚಣಿಗೆ ಏನಾದರೂ ಆದೀತೇ ಎಂದು ನನ್ನನ್ನು ಎರಡು ಸಲ ಕೇಳಿದ. ಆಗಲಾರದು ಅಂದೆ, ನನಗೂ ಖಾತ್ರಿ ಇರಲಿಲ್ಲ.

ಸಭೆ ನಡೆದದ್ದು ಪ್ರಯಾಣಿಕರ ಹಾಲಿನಲ್ಲಿ. ಸುಮಾರು ಎಂಬತ್ತು ಜನ. ಎಂಜಿನಿಯರು ಸಹನಾ ಎಂಬ ಹುಡುಗಿ, ಚಿತ್ರದುರ್ಗದವಳು, ಕೆಲಸಕ್ಕೆ ಸೇರಿ ಮೂರೋ ನಾಲ್ಕೋ ವರ್ಷವಾಗಿರಬೇಕು. ಚೆನ್ನಾಗಿ ವಿವರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಂದ್ರು ಎದ್ದು ಕೆಲಸ ಯಾವತ್ತು ಶುರು ಎಂದು ಕೇಳಿದ. ಆಗ ಓಬಯ್ಯ ಕೈ ಎತ್ತಿದ.

"ಮೇಡಮ್ಮೋರೇ, ನಕ್ಷೆ ಒಂದು ಸರಪಳಿ ಹೆಚ್ಚು ಐತೆ. ಹೆಚ್ಚು ಮಾಡಿದೋನು ನಾನೇ."

ಮನೆಯಲ್ಲಿ ಹೇಳಿದ್ದನ್ನೇ ಹೇಳಿದ. ಮೊದಲ ಸಲ ಹೇಳಿದಾಗ ಸಲೀಸಾಗಿ ಬಂದ ಮಾತು ಅಲ್ಲಿ ತಡವರಿಸಿತು. ಕಡ್ಡಿ ಎಸೆದು ಕುಣಿದೆ ಎನ್ನುವಾಗ ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವನು ತಲೆ ತಗ್ಗಿಸಿದ. ಕೂತ ಮೇಲೆ ನೋಡಿದೆ, ಪಂಚೆಯ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದ.

ಚಂದ್ರು ಸಿಟ್ಟಿನಿಂದ ಎದ್ದ. "ಏನಣ್ಣ ನೀನು! ಇಷ್ಟು ವರ್ಷ ಸುಮ್ನಿದ್ದೋನು ಇನ್ನೊಂದು ವರ್ಷ ಸುಮ್ನಿರೋಕೆ ಆಗಲಿಲ್ವಾ? ಈಗ ಇದು ನಿಂತೋಗುತ್ತೆ. ಮತ್ತೆ ಅದೇ ಹದಿನೈದು ಕಾರಿನ ಅಂಗಳ!"

"ಇನ್ನೊಂದು ವರ್ಷ ಸುಮ್ನಿದ್ರೆ ನನ್ನ ರೊಪ್ಪದ ಮೇಲೆ ನಿನ್ನ ಕಾರು ನಿಂತಿರ್ತಿತ್ತು ಕಣೋ," ಎಂದಳು ಹಿಂದಿನಿಂದ ಯಲ್ಲಕ್ಕ. "ಆಗ ಕುರಿ ತಂದು ನಿನ್ನ ಕಾರೊಳಗೆ ಕೂಡ್ತಿದ್ದೆ."

ಹಾಲೆಲ್ಲ ನಕ್ಕಿತು. ಸಹನಾ ನಗಲಿಲ್ಲ. ನಕ್ಷೆಯನ್ನು ತಿರುಗಿಸಿ ನೋಡುತ್ತಿದ್ದಳು.

"ಓಬಯ್ಯನವರೇ, ನೀವು ಹೇಳಿದ್ದಕ್ಕೆ ನಕ್ಷೆ ತಿದ್ದೋಕೆ ಆಗಲ್ಲ. ಅಳೆದು ನೋಡಬೇಕು. ಆದರೆ ನನಗೊಂದು ಅನುಮಾನ ಮೊದಲಿಂದಲೂ ಇತ್ತು. ನಾವು ಬಂದು ನೋಡಿದಾಗ ಗಡಿ ಇರಬೇಕಾದ ಕಡೆ ರೊಪ್ಪ ಇತ್ತು, ಗಡಿಗಲ್ಲು ಮಾತ್ರ ಎಲ್ಲೂ ಕಾಣಲಿಲ್ಲ. ಒತ್ತುವರಿ ಮಾಡೋರು ಕಲ್ಲು ಕಿತ್ತು ಹಾಕಿರ್ತಾರೆ ಅಂದುಕೊಂಡ್ವಿ."

"ಕಲ್ಲು ಕಿತ್ತಿಲ್ಲ ಮೇಡಂ," ಎಂದ ಓಬಯ್ಯ. "ನೆಲದ ಮೇಲೆ ಎಲ್ಲಾ ಸರಿಯಾಗೇ ಐತೆ. ಕಾಗದದಲ್ಲಿ ಮಾತ್ರ ತಪ್ಪಿರೋದು. ಬರ್ರಿ, ತೋರಿಸ್ತೀನಿ."

ಬುಧವಾರ ಸಹನಾ ಮೂರು ಕಾಲಿನ ಅಳತೆ ಮಷೀನಿನೊಂದಿಗೆ ಬಂದಳು. ನಾನು ಅರ್ಧ ದಿನ ರಜೆ ಹಾಕಿದ್ದೆ; ಸತ್ಯ ಹೇಳಬೇಕೆಂದರೆ ಕುತೂಹಲ ತಡೆಯಲಾಗಲಿಲ್ಲ. ಓಬಯ್ಯ ಮೂವತ್ತಮೂರು ಅಡಿಯ ನೂಲಿನ ಹಗ್ಗಕ್ಕೆ ಹದಿನಾರು ಗಂಟು ಹಾಕಿ ತಂದಿದ್ದ. ಇನ್ನೊಂದು ತುದಿ ಯಾರು ಹಿಡಿಯುವುದು ಎಂದು ಸುತ್ತ ನೋಡಿದಾಗ, ಯಮುನಾ ಮುಂದೆ ಬಂದಳು. ಅಪ್ಪ ಹಿಂದೆ, ಮಗಳು ಮುಂದೆ. ಅವಳು ಕಡ್ಡಿ ಚುಚ್ಚುತ್ತ ಹೋದಳು, ಅವನು ಕೀಳುತ್ತ ಹೋದ. ಕಡ್ಡಿ ಕಿತ್ತಾಗಲೆಲ್ಲ ಅಲ್ಲಿ ನೆರೆದಿದ್ದವರೆಲ್ಲ ಜೋರಾಗಿ ಎಣಿಸಿದರು. ಚಂದ್ರು ಕೂಡ.

ಹನ್ನೊಂದನೆಯ ಕಡ್ಡಿ ಬಿದ್ದದ್ದು ರೊಪ್ಪದ ಬೇಲಿಯ ಹೊರಗೆ, ವರ್ಷಗಟ್ಟಲೆ ಕುರಿಗೊಬ್ಬರ ಗುಡ್ಡೆ ಹಾಕಿದ ಜಾಗದಲ್ಲಿ. ಓಬಯ್ಯ ಅಲ್ಲೇ ಕುಕ್ಕರಗಾಲಲ್ಲಿ ಕೂತು ನೆಲ ತಟ್ಟಿದ.

"ಇಲ್ಲಿ ಅಗೀರಿ."

ರೈಲ್ವೆ ಗ್ಯಾಂಗಿನವನೊಬ್ಬ ಹಾರೆ ಹಾಕಿದ. ಗೊಬ್ಬರ ಬಂತು, ಮಣ್ಣು ಬಂತು. ಮೊಣಕಾಲುದ್ದ ಅಗೆದರೂ ಏನೂ ಇಲ್ಲ. ಓಬಯ್ಯನ ಹಣೆಯಲ್ಲಿ ಬೆವರು. ಅವನು ಎದ್ದು ಸ್ಟೇಷನ್ನಿನ ಮೂಲೆಯನ್ನು ಒಂದು ಕಣ್ಣು ಮುಚ್ಚಿ ನೋಡಿದ. "ಒಂದು ಗೇಣು ಎಡಕ್ಕೆ," ಎಂದ. ಹಾರೆ ಎಡಕ್ಕೆ ಬಿತ್ತು. ಟಣ್ ಎಂದಿತು.

ಕೈಯಿಂದಲೇ ಮಣ್ಣು ಬಾಚಿದರು. ಚೌಕಾಕಾರದ ಕಲ್ಲು, ತಲೆಯ ಮೇಲೆ ಅಡ್ಡಡ್ಡ ಎರಡು ಗೆರೆ ಕೊರೆದದ್ದು. ಗಡಿಗಲ್ಲೇ. ಸಹನಾ ಮಷೀನಿಗೆ ಕಣ್ಣಿಟ್ಟು ನೋಡಿ, ಅಂಕಿ ಓದಿ, ಇನ್ನೊಮ್ಮೆ ನೋಡಿದಳು. ಮುನ್ನೂರ ಅರವತ್ತಮೂರು ಅಡಿ, ನಾಲ್ಕು ಇಂಚು. ಹನ್ನೊಂದು ಸರಪಳಿ ಅಂದರೆ ಮುನ್ನೂರ ಅರವತ್ತಮೂರು ಅಡಿ. ನಾನು ಬಾಯಿಬಿಡುವ ಮೊದಲೇ ಅವಳೇ ಲೆಕ್ಕ ಹೇಳಿದಳು.

ಅಳತೆಯ ವಿವರವನ್ನೆಲ್ಲ ಅಲ್ಲೇ ಬರೆದು, ಕೆಳಗೆ 'ಅಳತೆ ಮಾಡಿದವರು' ಎಂಬಲ್ಲಿ ತನ್ನ ಹೆಸರಿನ ಜೊತೆ ಓಬಯ್ಯನ ಹೆಸರನ್ನೂ ಬರೆದು ಪೆನ್ನು ಕೊಟ್ಟಳು. ಓಬಯ್ಯ ಪೆನ್ನು ಹಿಡಿದುಕೊಂಡು ಒಂದು ಕ್ಷಣ ಹಾಗೇ ನಿಂತ. "ನಾನಾ ಮೇಡಂ?" ಎಂದ. "ಮತ್ತೆ ಅಳೆದೋರು ಯಾರು?" ಎಂದಳು. ನಿಧಾನವಾಗಿ, ಪ್ರತಿ ಅಕ್ಷರವನ್ನೂ ಬಿಡಿಬಿಡಿಯಾಗಿ ಬರೆದು ಸಹಿ ಹಾಕಿದ. ಪಿಂಚಣಿಯ ಮಾತು ಯಾರೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಯಲ್ಲಕ್ಕನಿಗೆ ಕೊಟ್ಟಿದ್ದ ಕಾಗದವನ್ನು ಆ ವಾರವೇ ವಾಪಸು ಪಡೆದರು.

ಆದರೆ ಚಂದ್ರುವಿನ ಪ್ರಶ್ನೆ ಹಾಗೇ ಉಳಿಯಿತು. ತುದಿಯ ಒಂದು ಸರಪಳಿ ಹೋದರೆ ಕಾರು ತಿರುಗಿಸುವ ಜಾಗವೇ ಹೋಯಿತು. ಅದನ್ನು ಒಳಕ್ಕೆ ಎಳೆದುಕೊಂಡರೆ ಎರಡೂ ಸಾಲಿನಲ್ಲಿ ನಾಲ್ಕು ನಾಲ್ಕು, ಒಟ್ಟು ಎಂಟು ಕಾರು ಕಡಿಮೆ. ಲೆಕ್ಕ ಬದಲಾದರೆ ಮೇಲಿನವರು ಇಡೀ ಯೋಜನೆಯನ್ನೇ ಮುಂದಿನ ವರ್ಷಕ್ಕೆ ತಳ್ಳಬಹುದು ಎಂದು ಸಹನಾ ಸಂಕೋಚದಿಂದಲೇ ಹೇಳಿದಳು.

ಓಬಯ್ಯ ಎರಡು ದಿನ ಸ್ಟೇಷನ್ನಿನ ಸುತ್ತ ಅಡ್ಡಾಡಿದ. ಮೂರನೆಯ ದಿನ ನಾನು ರೈಲಿಳಿದಾಗ ಮೂಡಣ ಬದಿಯ ಬಳ್ಳಾರಿ ಜಾಲಿಯ ಪೊದೆಯೊಳಗಿಂದ ಹೊರಗೆ ಬಂದ. ಪಂಚೆಯ ತುಂಬ ಮುಳ್ಳು, ಮುಖದ ತುಂಬ ನಗು.

"ಮೇಷ್ಟ್ರೇ, ಆ ಕಡೆ ಹೋದ ಸರಪಳಿ ಈ ಕಡೆ ಐತೆ!"

ಹಿಂದೆ ಇಲ್ಲಿಂದ ಶೇಂಗಾ, ಹತ್ತಿ ಮೂಟೆಗಳು ರೈಲಿಗೆ ಏರುತ್ತಿದ್ದವು. ಎತ್ತಿನ ಗಾಡಿ ನಿಲ್ಲಲು ಮೂಡಣ ಬದಿಗೆ ಚಪ್ಪಡಿ ಹಾಸಿದ್ದರು. ಮೂಟೆ ಬರುವುದು ನಿಂತ ಮೇಲೆ ಜಾಲಿ ಬೆಳೆದು ಎಲ್ಲ ಮುಚ್ಚಿಹೋಗಿತ್ತು. ಹೊಸ ನಕ್ಷೆಯಲ್ಲಿ ಆ ಭಾಗ ಬರೀ ಗಿಡಗಂಟಿ. ಓಬಯ್ಯ ಪೊದೆಯೊಳಗೆ ತೆವಳಿ ಹೋಗಿ ಚಪ್ಪಡಿ ಮುಟ್ಟಿ ಬಂದಿದ್ದ. ಎರಡು ಸರಪಳಿಗೆ ಕಡಿಮೆ ಇಲ್ಲ. ಇಡೀ ಪಾರ್ಕಿಂಗನ್ನು ಒಂದು ಸರಪಳಿ ಮೂಡಣಕ್ಕೆ ಸರಿಸಿದರೆ ಕೆಲಸ ಮುಗಿಯಿತು.

ಸಹನಾ ಅನುಮತಿ ತಂದು ಜಾಲಿ ಕಡಿಸಿದಳು. ಮುಳ್ಳಿನ ಕೆಳಗಿಂದ ಕಪ್ಪು ಚಪ್ಪಡಿಗಳು ಹಾಸಿದ ಹಾಗೆಯೇ ಎದ್ದು ಬಂದವು. ಆದರೂ ಚಂದ್ರುವಿಗೆ ನಂಬಿಕೆ ಬರಲಿಲ್ಲ. ಅರವತ್ತನಾಲ್ಕು ಕಾರು ಇಷ್ಟರಲ್ಲಿ ಎಲ್ಲಿ ಹಿಡಿಸುತ್ತವೆ ಅಂದ. ಹಾಗಾದರೆ ನಿಲ್ಲಿಸಿಯೇ ನೋಡೋಣ ಅಂದ ಓಬಯ್ಯ.

ಭಾನುವಾರ ಬೆಳಗಾಗುವ ಹೊತ್ತಿಗೆ ಅವನೂ ಏಕಾಂತಮ್ಮನೂ ಸುಣ್ಣದ ಪುಡಿಯಲ್ಲಿ ನೆಲದ ಮೇಲೆಲ್ಲ ಗೆರೆ ಎಳೆದಿದ್ದರು. ಓಬಯ್ಯ ಹಗ್ಗ ಹಿಡಿಯುವುದು, ಏಕಾಂತಮ್ಮ ಅದರ ಗುಂಟ ಪುಡಿ ಬಿಡುವುದು. ರಂಗೋಲಿ ಹಾಕಿ ಪಳಗಿದ ಕೈ. ಗೆರೆ ಒಂದೂ ಸೊಟ್ಟ ಇರಲಿಲ್ಲ. ಚಂದ್ರು ಮೊಬೈಲಿನಲ್ಲಿ ಕರೆ ಕೊಟ್ಟಿದ್ದಕ್ಕೆ ಹೊಸದುರ್ಗದಿಂದ, ಹೊಳಲ್ಕೆರೆಯಿಂದ ಕಾರುಗಳು ಬಂದವು. ಕೆಲವರು ಹೆಂಡತಿ ಮಕ್ಕಳನ್ನೂ ಕರೆತಂದಿದ್ದರು. ಚಹಾದಂಗಡಿಯವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಶುರು ಹಚ್ಚಿಕೊಂಡರು. ಓಬಯ್ಯ ನಡುವೆ ನಿಂತು ಒಂದೊಂದೇ ಕಾರನ್ನು ಕರೆದ. ಇಪ್ಪತ್ತಾಯಿತು, ಮೂವತ್ತಾಯಿತು. ನನ್ನದು ಮೂವತ್ತೇಳನೆಯದು. ಸಹನಾ ಮೇಲ್ಸೇತುವೆಯ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದಳು.

ನಲವತ್ತೆಂಟರ ಹೊತ್ತಿಗೆ ಯಲ್ಲಕ್ಕನ ಕುರಿಮಂದೆ ಮೇವಿಗೆ ಹೊರಟಿತು. ಹೊರಟದ್ದು ನೇರವಾಗಿ ಪಾರ್ಕಿಂಗಿನ ನಡುವೆ. ಕಾರುಗಳೆಲ್ಲ ಇದ್ದಲ್ಲೇ ನಿಂತವು. ಕುರಿಗಳು ಸುಣ್ಣದ ಗೆರೆಗಳನ್ನು ಮೂಸುತ್ತ, ಟೈರುಗಳನ್ನು ಮೂಸುತ್ತ, ಯಾವ ಅವಸರವೂ ಇಲ್ಲದೆ ಸಾಗಿದವು. ಒಂದು ಟಗರು ಚಂದ್ರುವಿನ ಕಾರಿನ ಬಾಗಿಲಲ್ಲಿ ತನ್ನ ಮುಖ ಕಂಡು ಕೊಂಬಿನಿಂದ ಗುದ್ದಿತು.

"ಯಲ್ಲಕ್ಕಾ! ನಿನ್ನ ಟಗರು!"

"ಅದಕ್ಕೇನು ಗೊತ್ತು, ಕಾರು ನಿಂದು ಅಂತ!" ಎಂದು ಯಲ್ಲಕ್ಕ ಟಗರಿನ ಕಿವಿ ಹಿಡಿದು ಎಳೆದೊಯ್ದಳು.

ಸಹನಾ ಮೇಲಿಂದ ಇಳಿದು ಬಂದು, ಹೊಸ ನಕ್ಷೆಯಲ್ಲಿ ಕುರಿಗಳಿಗೆ ಪಕ್ಕದಲ್ಲೇ ಬೇರೆ ದಾರಿ ಬಿಡುತ್ತೇನೆ ಎಂದಳು. ಎಷ್ಟು ಅಗಲ ಬೇಕು ಎಂದು ಯಲ್ಲಕ್ಕನನ್ನೇ ಕೇಳಿದಳು. ಯಲ್ಲಕ್ಕ ಎರಡೂ ಕೈ ಚಾಚಿ ತೋರಿಸಿದಳು. ಓಬಯ್ಯ ನೋಡಿ "ಮೂರಾಣೆ ಬರಕೊಳ್ರಿ" ಎಂದ. ಗೆರೆಗಳು ಅಳಿಸಿದ ಕಡೆ ಏಕಾಂತಮ್ಮ ಮತ್ತೆ ಪುಡಿ ಬಿಟ್ಟರು. ಮತ್ತೆ ಕಾರು ಬರತೊಡಗಿದವು. ಅರವತ್ತಮೂರಕ್ಕೆ ಬಂದಿದ್ದ ಕಾರುಗಳು ಮುಗಿದವು. ಅರವತ್ತನಾಲ್ಕನೆಯದಕ್ಕೆ ಸ್ಟೇಷನ್ನಿಗೆ ಹಾಲು ತರುವ ವ್ಯಾನನ್ನೇ ಕರೆದು ನಿಲ್ಲಿಸಿದರು. ಅದೂ ಹಿಡಿಸಿತು. ತುದಿಯಲ್ಲಿ ತಿರುಗಿಸಲು ಜಾಗ ಉಳಿದಿತ್ತು, ಇನ್ನೂ ಆರು ಆಟೋ ನಿಲ್ಲುವಷ್ಟು ಮೂಲೆಯೂ ಉಳಿದಿತ್ತು. ಚಂದ್ರು ತನ್ನ ಕಾರನ್ನು ಹೊರಗೆ ತೆಗೆದು, ತಿರುಗಿಸಿ, ಮತ್ತೆ ಒಳಗೆ ನಿಲ್ಲಿಸಿ, ಇಳಿದು ಬಂದು ಓಬಯ್ಯನ ಕೈ ಹಿಡಿದುಕೊಂಡ.

"ಆವತ್ತು ಸಭೇಲಿ ಬಾಯಿಗೆ ಬಂದಂಗೆ ಅಂದೆ ಅಣ್ಣ. ಮನಸ್ಸಲ್ಲಿ ಇಟ್ಕಬೇಡ."

"ಬಿಡೋ. ನೀನು ಕೇಳಿದ್ದೂ ನ್ಯಾಯವೇ. ಸುಮ್ನಿದ್ದದ್ದು ನಾನೇ ಅಲ್ವಾ," ಎಂದ ಓಬಯ್ಯ. "ನಡಿ, ಬಜ್ಜಿ ಆರೋಗುತ್ತೆ."

ಸಹನಾ ಆ ಫೋಟೋಗಳನ್ನೂ ಹೊಸ ಅಳತೆಯನ್ನೂ ಜೋಡಿಸಿ ಮೇಲಕ್ಕೆ ಕಳಿಸಿದಳು. ಯುಗಾದಿ ಕಳೆದ ಮೇಲೆ ಕೆಲಸ ಶುರುವಾಯಿತು. ಚಪ್ಪಡಿಗಳನ್ನು ಕೀಳದೆ ಹಾಗೇ ಉಳಿಸಿಕೊಂಡರು. ಉಳಿದ ಕಡೆ ಸಿಮೆಂಟಿನ ಇಟ್ಟಿಗೆ ಹಾಸಿದರು. ಮೂರು ತಿಂಗಳು ಧೂಳು, ಗದ್ದಲ. ಆ ಮೂರು ತಿಂಗಳು ನಾವೆಲ್ಲ ಕಾರುಗಳನ್ನು ಯಲ್ಲಕ್ಕನ ಹೊಲದಲ್ಲಿ ನಿಲ್ಲಿಸಿದೆವು. ಬಾಡಿಗೆ ಕೊಡುತ್ತೇವೆ ಎಂದರೆ ಅವಳು ಬೇಡ ಎಂದಳು. "ಕುರಿಯಂಗೆ ಸಾಲಾಗಿ ನಿಲ್ಸ್ರಿ ಸಾಕು," ಎಂದಳು.

ಪಾರ್ಕಿಂಗ್ ತೆರೆದ ದಿನ ನಾನು ಬೇಕೆಂದೇ ಬೇಗ ಬಂದೆ. ಬಿಳಿ ಗೆರೆಗಳ ನಡುವೆ ಕಾರು ನಿಲ್ಲಿಸಿ, ಬಾಗಿಲನ್ನು ಪೂರ್ತಿ ತೆರೆದು ಇಳಿದೆ. ಎಷ್ಟೋ ದಿನದ ಮೇಲೆ ಹಾಗೆ ಇಳಿದದ್ದು. ಓಬಯ್ಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಗಳ ಪಕ್ಕ ಕೂತಿದ್ದ. ಕಾರು ಬಿಡಿಸುವ ಕೆಲಸ ಇನ್ನಿಲ್ಲವಲ್ಲ, ಬೇಸರವಾಗುವುದಿಲ್ಲವೇ ಎಂದು ಕೇಳಿದೆ.

"ಬೇಸರ ಯಾಕೆ ಮೇಷ್ಟ್ರೇ? ಮೊದ್ಲೆಲ್ಲ ಇಲ್ಲಿಗೆ ಬಂದ್ರೆ ಪಡುವಣಕ್ಕೆ ಬೆನ್ನು ಹಾಕಿ ಕೂರ್ತಿದ್ದೆ. ಈಗ ಎತ್ತಲಾಗಾದ್ರೂ ಮುಖ ಮಾಡಿ ಕೂರಬಹುದು," ಎಂದು ಕಾಲು ಚಾಚಿಕೊಂಡ.

"ಹಂಗಂತ ಬಂದಾಗಿಂದ ಪಾರ್ಕಿಂಗ್ ಕಡೆಗೇ ನೋಡ್ತಾ ಕೂತೈತೆ ಅಪ್ಪಾಜಿ," ಎಂದಳು ಯಮುನಾ.

ದೂರದಲ್ಲಿ ರೈಲಿನ ಸದ್ದಾಯಿತು. ಅಂಗಳದಲ್ಲಿ ಹಿರಿಯೂರಿನ ಕಾರೊಂದು ಎರಡು ಗೆರೆಗಳ ಮೇಲೆ ಅಡ್ಡಡ್ಡವಾಗಿ ನಿಲ್ಲುತ್ತಿತ್ತು. ಓಬಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಎದ್ದ.

"ರೈಲು ಬಂತು, ನೀವಿಬ್ಬರೂ ಹತ್ಕಳ್ರಿ. ಏ ಸಾಮಿ, ತಡೀರಿ, ತಡೀರಿ! ಒಂಚೂರು ಹಿಂದಕ್ಕೆ ಬರ್ರಿ!"

ರೈಲು ಹೊರಟಾಗ ಕಿಟಕಿಯಿಂದ ನೋಡಿದೆವು. ಆ ಕಾರು ನೆಟ್ಟಗೆ ನಿಂತಿತ್ತು. ಓಬಯ್ಯ ಅದರ ಯಜಮಾನರ ಜೊತೆ ಚಹಾದಂಗಡಿಯ ಕಡೆ ಹೋಗುತ್ತಿದ್ದ.